ಪಟ್ಟಿಯ ಮೂರನೇ ಹೆಸರು

2014ರ ಆಗಸ್ಟ್ 18, ಸೋಮವಾರ. ಅಮೆರಿಕದ ಒಹಾಯೊ ರಾಜ್ಯದ ರಾಜಧಾನಿ ಕೊಲಂಬಸ್‌ನಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಅಭ್ಯಾಸದಲ್ಲಿ ತೊಡಗಿತ್ತು. ಋತುವಿನ ಮೊದಲ ಪಂದ್ಯಕ್ಕೆ ಹನ್ನೆರಡೇ ದಿನ ಬಾಕಿ. ಕ್ವಾರ್ಟರ್‌ಬ್ಯಾಕ್, ಅಂದರೆ ಆಕ್ರಮಣವನ್ನು ನಡೆಸುವ, ಚೆಂಡು ಎಸೆಯುವ ಆಟಗಾರ, ಬ್ರಾಕ್ಸ್‌ಟನ್ ಮಿಲ್ಲರ್ ಒಂದು ಚಿಕ್ಕ ಪಾಸ್ ಎಸೆದ. ಯಾರೂ ಮೈಮೇಲೆ ಬಿದ್ದಿರಲಿಲ್ಲ, ಯಾರೂ ತಳ್ಳಿರಲಿಲ್ಲ. ಚೆಂಡು ಕೈಬಿಟ್ಟ ಮರುಕ್ಷಣವೇ ನೋವಿನಿಂದ ನೆಲಕ್ಕೆ ಕುಸಿದ. ಆ ವರ್ಷದ ಫೆಬ್ರುವರಿಯಲ್ಲಷ್ಟೇ ಶಸ್ತ್ರಚಿಕಿತ್ಸೆ ಆಗಿದ್ದ ಅದೇ ಬಲಭುಜ ಮತ್ತೆ ಕೈಕೊಟ್ಟಿತ್ತು. ಹಿಂದಿನ ಎರಡೂ ವರ್ಷ ಬಿಗ್ ಟೆನ್ ಲೀಗಿನ ಶ್ರೇಷ್ಠ ಆಕ್ರಮಣ ಆಟಗಾರ ಎನಿಸಿಕೊಂಡಿದ್ದ ಹುಡುಗ ಇಡೀ ಋತುವಿಗೆ ಹೊರಗುಳಿದ. ತಂಡದ ಪಟ್ಟಿಯಲ್ಲಿ ಅವನ ಕೆಳಗಿದ್ದ ಎರಡು ಹೆಸರುಗಳು ಒಂದೊಂದು ಮೆಟ್ಟಿಲು ಮೇಲೇರಿದವು. ಒಂದು ಜೆ.ಟಿ. ಬ್ಯಾರೆಟ್, ಇನ್ನೊಂದು ಕಾರ್ಡೇಲ್ ಜೋನ್ಸ್.

ಆ ಪಟ್ಟಿಗೆ ಅಲ್ಲಿ ಡೆಪ್ತ್ ಚಾರ್ಟ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದೇ ಹಾಳೆ. ಎಡಗಡೆ ಆಡುವ ಸ್ಥಾನದ ಹೆಸರು. ಅದರ ಮುಂದೆ ಆಟಗಾರನ ಅಂಗಿ ಸಂಖ್ಯೆ, ಹೆಸರು, ಎತ್ತರ, ತೂಕ, ಓದುತ್ತಿರುವ ವರ್ಷ. ಅವನ ಕೆಳಗೆ ಅದೇ ಸ್ಥಾನಕ್ಕೆ ಎರಡನೆಯವನು, ಕೆಲವೊಮ್ಮೆ ಮೂರನೆಯವನು. ಇಬ್ಬರಲ್ಲಿ ಯಾರು ಮುಂದು ಎಂದು ಕೋಚ್‌ಗೆ ಇನ್ನೂ ತೀರ್ಮಾನ ಆಗಿಲ್ಲದಿದ್ದರೆ ನಡುವೆ ದಪ್ಪಕ್ಷರದಲ್ಲಿ 'ಅಥವಾ' ಎಂದಿರುತ್ತದೆ. ಆಗಸ್ಟ್ ಕೊನೆಯ ವಾರ, ಮೊದಲ ಪಂದ್ಯಕ್ಕೆ ನಾಲ್ಕೈದು ದಿನ ಇರುವಾಗ ಹೊರಬೀಳುವ ಈ ಹಾಳೆಗಾಗಿ ಕೊಲಂಬಸ್‌ನಂಥ ಊರುಗಳು ತುದಿಗಾಲಲ್ಲಿ ಕಾಯುತ್ತವೆ. ಕ್ಷೌರದಂಗಡಿಯಿಂದ ಹಿಡಿದು ಆಸ್ಪತ್ರೆಯ ಕಾರಿಡಾರಿನವರೆಗೆ ಅದೇ ಮಾತು. 1922ರಲ್ಲಿ ಶುರುವಾದ, ಕುದುರೆ ಲಾಳದ ಆಕಾರದ ಒಹಾಯೊ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಆಡುವವರು ಮಾತ್ರ ಹದಿನೆಂಟರಿಂದ ಇಪ್ಪತ್ತೆರಡು–ಮೂರರ ಹುಡುಗರು.

ಆ ಹಾಳೆಯ ಮೊದಲ ಸಾಲನ್ನು ಎಲ್ಲರೂ ಓದುತ್ತಾರೆ. ಒಂದು ತಂಡದ ಯೋಗ್ಯತೆಯನ್ನು ನಾನು ಅಳೆಯುವುದು ಎರಡನೇ ಮತ್ತು ಮೂರನೇ ಸಾಲಿನಿಂದ. ಒಹಾಯೊ ಸ್ಟೇಟ್‌ನ 2014ರ ಕಥೆ ನನಗೆ ಇಷ್ಟೊಂದು ಹಿಡಿಸಿರುವುದೂ ಅದಕ್ಕೇ.

ಇಷ್ಟು ಜನ ಯಾಕೆ ಬೇಕು?

ನಾವು ಕಾಲಿನಿಂದ ಆಡುವ ಫುಟ್‌ಬಾಲ್ ಬೇರೆ, ಇದು ಬೇರೆ. ಎರಡೂ ತುದಿ ಚೂಪಾದ ಚೆಂಡನ್ನು ಹಿಡಿದು ಓಡುವ, ಎಸೆಯುವ, ಹಿಡಿದವನನ್ನು ಕೆಡವುವ ಆಟ. ನಾಲ್ಕು ಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಆಗದಿದ್ದರೆ ಚೆಂಡು ಎದುರಾಳಿಗೆ. ಮೈದಾನದಲ್ಲಿ ಒಂದು ಕಡೆ ಹನ್ನೊಂದೇ ಜನ. ಆದರೆ ಕ್ರಿಕೆಟ್ಟಿನಲ್ಲಿ ಬ್ಯಾಟು ಹಿಡಿದವರೇ ಫೀಲ್ಡಿಗೂ ಇಳಿಯುವ ಹಾಗೆ ಇಲ್ಲಿಲ್ಲ. ಆಕ್ರಮಣಕ್ಕೆ ಒಂದು ಹನ್ನೊಂದು, ರಕ್ಷಣೆಗೆ ಇನ್ನೊಂದು ಹನ್ನೊಂದು, ಒದೆತಕ್ಕೆ ಮತ್ತು ಒದ್ದ ಚೆಂಡನ್ನು ಹಿಡಿದು ತರುವುದಕ್ಕೆ ಬೇರೆಯದೇ ಗುಂಪು. ಚೆಂಡನ್ನು ದೂರ ಒದೆಯುವವನಿಗೆ ಎರಡು ಕಾಲುಗಳ ನಡುವಿನಿಂದ ಹದಿನೈದು ಗಜ ಹಿಂದಕ್ಕೆ ಚೆಂಡು ಎಸೆಯುವುದನ್ನೇ ಕಸುಬು ಮಾಡಿಕೊಂಡ ಲಾಂಗ್ ಸ್ನ್ಯಾಪರ್ ಎಂಬವನಿಗೂ ಪಟ್ಟಿಯಲ್ಲಿ ಜಾಗವಿದೆ. ಪ್ರತಿ ಸ್ಥಾನಕ್ಕೂ ಒಬ್ಬ ಬದಲಿ ಬೇಕೆಂದರೆ ಐವತ್ತರ ಹತ್ತಿರ ಹೆಸರಾದವು.

ಆಟ ಮೊದಲಿಂದ ಹೀಗಿರಲಿಲ್ಲ. ಬಹಳ ಕಾಲ ಅದೇ ಹನ್ನೊಂದು ಹುಡುಗರು ಎರಡೂ ಕಡೆ ಆಡುತ್ತಿದ್ದರು. ಬದಲಿ ಆಟಗಾರರನ್ನು ಇಳಿಸುವ ನಿಯಮ 1941ರಲ್ಲಿ ಸಡಿಲವಾಯಿತು. 1945ರ ಅಕ್ಟೋಬರ್‌ನಲ್ಲಿ ಮಿಷಿಗನ್ ತಂಡ ಆರ್ಮಿ ತಂಡವನ್ನು ಎದುರಿಸಬೇಕಾಯಿತು. ಆರ್ಮಿಯದು ದೇಶದಲ್ಲೇ ಬಲಿಷ್ಠ ತಂಡ. ಮಿಷಿಗನ್ ಕೋಚ್ ಫ್ರಿಟ್ಜ್ ಕ್ರಿಸ್ಲರ್ ಕೈಯಲ್ಲಿ ಇದ್ದವರು ಬಹುಪಾಲು ಎಳೆಯ ಹುಡುಗರು, ದೊಡ್ಡವರನ್ನೆಲ್ಲ ಯುದ್ಧ ಕರೆದುಕೊಂಡಿತ್ತು. ಆಕ್ರಮಣಕ್ಕೊಂದು ಗುಂಪು, ರಕ್ಷಣೆಗೊಂದು ಗುಂಪು ಮಾಡಿ ಅವರು ಆಡಿಸಿದರು. 28–7ರಿಂದ ಸೋತರು, ಆದರೆ ಆ ಉಪಾಯ ಎಲ್ಲರ ಕಣ್ಣಿಗೂ ಬಿತ್ತು. 1953ರಲ್ಲಿ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ ಅದನ್ನು ನಿಲ್ಲಿಸಿತು. 1960ರ ದಶಕದ ಮಧ್ಯದಲ್ಲಿ ಮತ್ತೆ ಬಂತು, ಹೋಗಲಿಲ್ಲ.

ಆ ನಡುವಿನ ವರ್ಷಗಳಲ್ಲೇ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಪಾಲ್ ಡೀಟ್ಜೆಲ್ 1958ರಲ್ಲಿ ತಮ್ಮ ಹುಡುಗರನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪು ಎರಡೂ ಕಡೆ ಆಡುತ್ತಿತ್ತು, ಎರಡನೆಯದು ಹೆಚ್ಚಾಗಿ ಆಕ್ರಮಣಕ್ಕೆ. ಮೂರನೆಯದು ಬರೀ ರಕ್ಷಣೆಗೆ ಇಳಿಯುವ ಬದಲಿ ಹುಡುಗರ ದಂಡು. ಒಂದು ಪತ್ರಿಕೆಯ ಚಿತ್ರಕಥೆಯಿಂದ ಎತ್ತಿಕೊಂಡು 'ಚೈನೀಸ್ ಬ್ಯಾಂಡಿಟ್ಸ್' ಎಂದು ಅವರಿಗೆ ಹೆಸರಿಟ್ಟರು. ಜನಾಂಗವನ್ನು ಹೀಗಳೆಯುವ ಅಂಥ ಹೆಸರನ್ನು ಇಂದು ಯಾರೂ ಇಡಲಾರರು, ಇಡಲೂ ಬಾರದು. ಆದರೆ ಆ ಗುಂಪು ಮೈದಾನಕ್ಕೆ ಇಳಿದರೆ ತಂಡದ ಊರಾದ ಬ್ಯಾಟನ್ ರೂಜ್‌ನ ಪ್ರೇಕ್ಷಕರು ಹುಚ್ಚೆದ್ದು ಕೂಗುತ್ತಿದ್ದರು. ಆ ವರ್ಷ ತಂಡ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಪಟ್ಟಿಯ ಕೆಳಗಿನ ಹೆಸರುಗಳ ಮೇಲೆ ಜನರಿಗೆ ಪ್ರೀತಿ ಹುಟ್ಟುವುದು ಹೊಸತಲ್ಲ.

ಆಗಸ್ಟ್ ತಿಂಗಳ ಲೆಕ್ಕ

ಪಟ್ಟಿ ಸಿದ್ಧವಾಗುವುದು ಆಗಸ್ಟ್‌ನ ಸೆಕೆಯಲ್ಲಿ. ಮೊದಲ ಪಂದ್ಯಕ್ಕೆ ಮುಂಚೆ ಈಗ 25 ಅಭ್ಯಾಸಗಳಿಗೆ ಅನುಮತಿ ಇದೆ. ಪ್ರತಿ ಅಭ್ಯಾಸವನ್ನೂ ಮೇಲಿನಿಂದ ಚಿತ್ರೀಕರಿಸುತ್ತಾರೆ. ರಾತ್ರಿ ಕೋಚ್‌ಗಳು ಕೂತು ಒಬ್ಬೊಬ್ಬ ಹುಡುಗನ ಒಂದೊಂದು ಹೆಜ್ಜೆಗೂ ಅಂಕ ಹಾಕುತ್ತಾರೆ. ಕಾಲು ಸರಿಯಾದ ಕಡೆ ಇಟ್ಟನೇ, ಎದುರಿನವನ ತೋಳು ಬಿಡಿಸಿಕೊಂಡನೇ, ತನ್ನ ಕೆಲಸ ಯಾವುದೆಂದು ಮರೆತನೇ. ಒಹಾಯೊ ಸ್ಟೇಟ್‌ನಲ್ಲಿ ಅರ್ಬನ್ ಮೆಯರ್ ಕೋಚ್ ಆಗಿದ್ದಾಗ ಹೊಸದಾಗಿ ಸೇರಿದ ಪ್ರತಿ ಹುಡುಗನ ಹೆಲ್ಮೆಟ್ಟಿನ ನಡುವೆ ಕಪ್ಪು ಪಟ್ಟಿ ಅಂಟಿಸುವ ಪದ್ಧತಿ ಇತ್ತು. ನೀನು ಇನ್ನೂ ಈ ತಂಡದವನಾಗಿಲ್ಲ ಎಂಬುದರ ಗುರುತು ಅದು. ತಿಂಗಳಾನುಗಟ್ಟಲೆ ದುಡಿದು ಹಿರಿಯರ ಮೆಚ್ಚುಗೆ ಗಳಿಸಿದ ದಿನ ಅಭ್ಯಾಸದ ಕೊನೆಗೆ ಎಲ್ಲರೂ ಸುತ್ತ ನಿಂತಿರುವಾಗ ಆ ಪಟ್ಟಿಯನ್ನು ಕಿತ್ತು ತೆಗೆಯುತ್ತಿದ್ದರು. ಆರಡಿ ನಾಲ್ಕಿಂಚಿನ, ನೂರಮೂವತ್ತು ಕೆ.ಜಿ. ತೂಕದ ಹುಡುಗರು ಆ ಹೊತ್ತಿನಲ್ಲಿ ಮಕ್ಕಳ ಹಾಗೆ ಕುಣಿಯುವುದನ್ನು ವಿಡಿಯೊಗಳಲ್ಲಿ ನೋಡಬಹುದು.

ಅಭ್ಯಾಸದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ಸರದಿ. ಅಲ್ಲಿ ಅದಕ್ಕೆ ರೆಪ್ ಎನ್ನುತ್ತಾರೆ. ಒಂದು ಗಂಟೆಯಲ್ಲಿ ಆಡಿಸಲಾಗುವ ಆಟಗಳು ಇಷ್ಟೇ ಎಂಬ ಮಿತಿ ಇದೆ. ಅದರಲ್ಲಿ ದೊಡ್ಡ ಪಾಲು ಮೊದಲ ಗುಂಪಿಗೆ, ಉಳಿದದ್ದರಲ್ಲಿ ಎರಡನೆಯದಕ್ಕೆ. ಮೂರನೆಯ ಕ್ವಾರ್ಟರ್‌ಬ್ಯಾಕ್‌ಗೆ ಸಿಗುವುದು ಊಟದ ಮನೆಯ ಕೊನೆಯ ಪಂಕ್ತಿಗೆ ಉಳಿದಷ್ಟೇ. ಅವನು ಹಿಂದೆ ನಿಂತು ಮುಂದಿನವನ ಪ್ರತಿ ಆಟವನ್ನೂ ಮನಸ್ಸಿನಲ್ಲೇ ಆಡಿಕೊಳ್ಳಬೇಕು. ಇದರ ಜೊತೆಗೆ ಇನ್ನೊಂದು ಚಾಕರಿ. ಮುಂದಿನ ವಾರದ ಎದುರಾಳಿ ಹೇಗೆ ಆಡುತ್ತದೋ ಹಾಗೆ ಆಡಿ ತೋರಿಸಿ ತನ್ನ ತಂಡದ ಮೊದಲ ಗುಂಪನ್ನು ತಯಾರು ಮಾಡುವ ಸ್ಕೌಟ್ ತಂಡದಲ್ಲಿ ಪಟ್ಟಿಯ ಕೆಳಗಿನವರೇ ಇರುತ್ತಾರೆ. ತಮ್ಮ ತಂಡದ ಆಟ ಕಲಿಯುವುದು ಬಿಟ್ಟು ವಾರಕ್ಕೊಂದು ಪರರ ಆಟ ಕಲಿಯುತ್ತಾರೆ. ಪಂದ್ಯದ ದಿನ ಅವರಿಗೆ ಪಕ್ಕದ ಗೆರೆಯ ಬಳಿ ಟೋಪಿ ಹಾಕಿಕೊಂಡು ನಿಂತು ಕೈಸನ್ನೆ ಮಾಡುವ ಕೆಲಸ. ಒಳಗಿರುವವನಿಗೆ ಮುಂದಿನ ಆಟ ಯಾವುದೆಂದು ಒಬ್ಬ ನಿಜವಾದ ಸನ್ನೆ ಮಾಡಿದರೆ, ಎದುರಾಳಿಯ ದಿಕ್ಕು ತಪ್ಪಿಸಲು ಪಕ್ಕದವನು ಸುಳ್ಳು ಸನ್ನೆ ಮಾಡುತ್ತಾನೆ. 2024ರಿಂದ ದೊಡ್ಡ ತಂಡಗಳಿಗೆ ಹೆಲ್ಮೆಟ್ಟಿನೊಳಗೆ ರೇಡಿಯೊ ಇಡಲು ಅನುಮತಿ ಸಿಕ್ಕಿದ ಮೇಲೆ ಆ ಕೆಲಸವೂ ಕಡಿಮೆಯಾಗುತ್ತಿದೆ.

ಇನ್ನೊಂದು ನಿಯಮ ಗೊತ್ತಿದ್ದರೆ ಪಟ್ಟಿ ಓದುವುದು ಸುಲಭ. ಒಬ್ಬ ವಿದ್ಯಾರ್ಥಿಗೆ ಐದು ವರ್ಷದಲ್ಲಿ ನಾಲ್ಕು ಋತು ಆಡುವ ಹಕ್ಕಿದೆ. ಒಂದು ವರ್ಷ ಆಡದೆ ಬರೀ ಅಭ್ಯಾಸದಲ್ಲಿ ಇಟ್ಟುಕೊಳ್ಳುವುದನ್ನು ರೆಡ್‌ಶರ್ಟ್ ಎನ್ನುತ್ತಾರೆ. 2018ರಿಂದ ನಾಲ್ಕು ಪಂದ್ಯದವರೆಗೆ ಆಡಿದರೂ ಆ ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಹೆಸರಿನ ಮುಂದೆ ರೆಡ್‌ಶರ್ಟ್ ಎಂದಿದ್ದರೆ ಆ ಹುಡುಗ ಒಂದು ವರ್ಷ ಕಾದಿದ್ದಾನೆ ಎಂದೇ ತಿಳಿಯಬೇಕು.

ಬ್ಯಾರೆಟ್ ಹಾಗೆ ಕಾದವನು. ಟೆಕ್ಸಸ್‌ನ ವಿಚಿಟಾ ಫಾಲ್ಸ್ ಊರಿನವನು. ಹೈಸ್ಕೂಲಿನ ಕೊನೆಯ ವರ್ಷ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡೇ ಕೊಲಂಬಸ್‌ಗೆ ಬಂದಿದ್ದ. ಜೋನ್ಸ್ ಒಹಾಯೊದ್ದೇ ಕ್ಲೀವ್‌ಲ್ಯಾಂಡ್ ನಗರದವನು. ಆರಡಿ ಐದಿಂಚು ಎತ್ತರ, ತೋಳಿನಲ್ಲಿ ಅಸಾಧ್ಯ ಬಲ. ಆದರೆ ಕಾಲೇಜಿಗೆ ಬಂದ ಹೊಸತರಲ್ಲಿ, ನಾವು ಫುಟ್‌ಬಾಲ್ ಆಡಲು ಬಂದಿರುವಾಗ ಕ್ಲಾಸಿಗೆ ಯಾಕೆ ಹೋಗಬೇಕು ಎಂದು ಟ್ವಿಟರ್‌ನಲ್ಲಿ ಬರೆದು ದೇಶಕ್ಕೆಲ್ಲ ನಗೆಪಾಟಲಾಗಿದ್ದ. ಆ ಆಗಸ್ಟ್‌ನ ಅಭ್ಯಾಸದಲ್ಲಿ ಬ್ಯಾರೆಟ್ ಅವನನ್ನು ದಾಟಿ ಎರಡನೇ ಸ್ಥಾನಕ್ಕೆ ಬಂದ. ಅಷ್ಟರಲ್ಲಿ ಮಿಲ್ಲರ್‌ನ ಭುಜ ಹೋಯಿತು. ಪಟ್ಟಿಯ ಒಂದು ಸಾಲು ಹಿಂದುಮುಂದಾಗಿದ್ದರೆ ಮೊದಲ ಪಂದ್ಯಕ್ಕೆ ಇಳಿಯುತ್ತಿದ್ದವನು ಜೋನ್ಸ್.

ಬಾಲ್ಟಿಮೋರ್‌ನಿಂದ ಟೆಕ್ಸಸ್‌ವರೆಗೆ

ಆಗಸ್ಟ್ 30ರಂದು ಬಾಲ್ಟಿಮೋರ್‌ನಲ್ಲಿ ನೇವಿ ತಂಡದ ವಿರುದ್ಧ ಮೊದಲ ಪಂದ್ಯ. ಬ್ಯಾರೆಟ್ 15 ಪಾಸ್‌ಗಳಲ್ಲಿ 12 ಗುರಿ ಮುಟ್ಟಿಸಿದ. ಒಹಾಯೊ ಸ್ಟೇಟ್ 34–17ರಿಂದ ಗೆದ್ದಿತು. ಮುಂದಿನ ವಾರ ಸ್ವಂತ ಮೈದಾನದಲ್ಲೇ ವರ್ಜೀನಿಯಾ ಟೆಕ್ ಎದುರು 35–21ರ ಸೋಲು. ಅದರ ಕಾರಣವೂ ಪಟ್ಟಿಯಲ್ಲೇ ಇತ್ತು. ಹಿಂದಿನ ವರ್ಷ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಾಗಿ ನಿಲ್ಲುತ್ತಿದ್ದ ಐವರಲ್ಲಿ ನಾಲ್ವರು ಓದು ಮುಗಿಸಿ ಹೋಗಿದ್ದರು. ಉಳಿದ ಒಬ್ಬ, ಟೇಲರ್ ಡೆಕರ್, ಬಲಗಡೆಯಿಂದ ಎಡಗಡೆಗೆ ಬಂದಿದ್ದ. ಬಿಲ್ಲಿ ಪ್ರೈಸ್ ಎಂಬ ಹುಡುಗ ರಕ್ಷಣಾ ಗುಂಪಿನಿಂದ ಇತ್ತ ಬಂದವನು. ಈ ಹೊಸ ಗೋಡೆಯನ್ನು ಒಡೆದು ವರ್ಜೀನಿಯಾ ಟೆಕ್ ಬ್ಯಾರೆಟ್‌ನನ್ನು ಏಳು ಸಲ ಕೆಡವಿತು. ಈ ತಂಡದ ಕಥೆ ಇಷ್ಟೇ ಎಂದು ಬರೆದವರು ಬಹಳ.

ಆಮೇಲೆ ತಂಡ ಸೋಲಲಿಲ್ಲ. ಅದೇ ಗೋಡೆ ವಾರದಿಂದ ವಾರಕ್ಕೆ ಗಟ್ಟಿಯಾಯಿತು. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದಕ್ಕೆ ಟಚ್‌ಡೌನ್ ಎನ್ನುತ್ತಾರೆ. ಬ್ಯಾರೆಟ್ ಒಟ್ಟು 45 ಟಚ್‌ಡೌನ್‌ಗಳಿಗೆ ಕಾರಣನಾಗಿ ಬಿಗ್ ಟೆನ್ ದಾಖಲೆ ಬರೆದ. ದೇಶದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯ ಮತದಾನದಲ್ಲಿ ಐದನೆಯವನಾದ. ನವೆಂಬರ್ 29ರಂದು ಕಡುವೈರಿ ಮಿಷಿಗನ್ ವಿರುದ್ಧದ ಪಂದ್ಯ, ಕೊನೆಯ ಕ್ವಾರ್ಟರ್‌ನ ಆರಂಭ. ಬ್ಯಾರೆಟ್ ಕೆಳಗೆ ಬಿದ್ದ, ಪಾದದ ಕೀಲು ಮುರಿದಿತ್ತು. ನೆಲದ ಮೇಲೆ ಕೂತಿದ್ದ ಅವನ ಹತ್ತಿರ ಮೊದಲು ಬಂದು ಮಂಡಿಯೂರಿ ಧೈರ್ಯ ಹೇಳಿದವರಲ್ಲಿ ಮಿಷಿಗನ್‌ನ ಕ್ವಾರ್ಟರ್‌ಬ್ಯಾಕ್ ಡೆವಿನ್ ಗಾರ್ಡ್ನರ್ ಕೂಡ ಒಬ್ಬ. ನೂರು ವರ್ಷ ದಾಟಿದ ಹಗೆತನದ ನಡುವೆ ಆ ದೃಶ್ಯ ಕಂಡವರು ಮರೆಯಲಾರರು.

ಇನ್ನು ಉಳಿದದ್ದು ಪಟ್ಟಿಯ ಮೂರನೇ ಹೆಸರು. ಕಾಲೇಜು ಮಟ್ಟದಲ್ಲಿ ಜೋನ್ಸ್ ಒಂದು ಪಂದ್ಯವನ್ನೂ ಶುರುವಿನಿಂದ ಆಡಿದವನಲ್ಲ. ಡಿಸೆಂಬರ್ 6ರಂದು ವಿಸ್ಕಾನ್ಸಿನ್ ವಿರುದ್ಧ ಲೀಗಿನ ಫೈನಲ್. ದೇಶದ ಅಗ್ರ ನಾಲ್ಕು ತಂಡಗಳ ಪ್ಲೇಆಫ್ ಶುರುವಾಗಿದ್ದು ಅದೇ ವರ್ಷ. ಒಹಾಯೊ ಸ್ಟೇಟ್ ಐದನೇ ಸ್ಥಾನದಲ್ಲಿತ್ತು. ಮೂರನೇ ಕ್ವಾರ್ಟರ್‌ಬ್ಯಾಕ್ ಇರುವ ತಂಡವನ್ನು ಪ್ಲೇಆಫ್‌ಗೆ ಹೇಗೆ ಆರಿಸುವುದು ಎಂಬ ಪ್ರಶ್ನೆ ಆಯ್ಕೆ ಸಮಿತಿಯ ಮುಂದೆ ಇದ್ದೇ ಇತ್ತು. ಜೋನ್ಸ್ 17 ಪಾಸ್‌ಗಳಲ್ಲಿ 12 ಮುಟ್ಟಿಸಿದ, 257 ಗಜ, ಮೂರು ಟಚ್‌ಡೌನ್. ಮೂರೂ ಚೆಂಡು ಹಿಡಿಯುವ ಡೆವಿನ್ ಸ್ಮಿತ್‌ನ ಕೈಗೆ ಇಳಿದ ಉದ್ದನೆಯ ಎಸೆತಗಳು. ಫಲಿತಾಂಶ 59–0. ಮರುದಿನ ಸಮಿತಿ ಒಹಾಯೊ ಸ್ಟೇಟ್‌ಗೆ ನಾಲ್ಕನೇ ಸ್ಥಾನ ಕೊಟ್ಟಿತು.

ಜನವರಿ 1ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಮೊದಲ ಶ್ರೇಯಾಂಕದ ಅಲಬಾಮಾ ಎದುರು. 21–6ರ ಹಿನ್ನಡೆಯಿಂದ ಎದ್ದು 42–35ರಿಂದ ಗೆದ್ದರು. ತಂಡದ ಓಟಗಾರ ಎಝೀಕಿಯಲ್ ಎಲಿಯಟ್ 85 ಗಜದ ಓಟ ಓಡಿದ್ದು ಅಲ್ಲೇ. ಜನವರಿ 12ರಂದು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಫೈನಲ್. ಎದುರಿಗೆ ಆರೆಗನ್, ಅದರ ಕ್ವಾರ್ಟರ್‌ಬ್ಯಾಕ್ ಆ ವರ್ಷದ ಹೈಸ್ಮನ್ ವಿಜೇತ ಮಾರ್ಕಸ್ ಮಾರಿಯೋಟಾ. ಎಲಿಯಟ್ 246 ಗಜ ಓಡಿದ. ಒಹಾಯೊ ಸ್ಟೇಟ್ 42–20. ಮೊಟ್ಟಮೊದಲ ಪ್ಲೇಆಫ್ ಚಾಂಪಿಯನ್ ತಂಡವನ್ನು ಗೆಲುವಿನ ಗೆರೆ ದಾಟಿಸಿದವನು ಕಾಲೇಜು ಮಟ್ಟದಲ್ಲಿ ಮೂರನೇ ಸಲವಷ್ಟೇ ಪಂದ್ಯವನ್ನು ಶುರುವಿನಿಂದ ಆಡುತ್ತಿದ್ದ.

ಇದನ್ನು ಅದೃಷ್ಟ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನವೆಂಬರ್ 29ರಿಂದ ಡಿಸೆಂಬರ್ 6ರವರೆಗೆ ಇದ್ದದ್ದು ಒಂದೇ ವಾರ. ಆ ವಾರದಲ್ಲಿ ಯಾರೂ ಯಾರಿಗೂ ಅಷ್ಟನ್ನು ಕಲಿಸಲಾರರು. ಆಕ್ರಮಣ ಕೋಚ್ ಟಾಮ್ ಹರ್ಮನ್ ಮೂವರಿಗೂ ಒಂದೇ ಪಾಠವನ್ನು ವರ್ಷಗಟ್ಟಲೆ ಹೇಳಿದ್ದರು. ಮೂರನೆಯವನ ತೋಳಿನ ಬಲಕ್ಕೆ ಹೊಂದುವ ಹಾಗೆ ಆಟವನ್ನು ತಿದ್ದಿಕೊಳ್ಳುವ ಜಾಣತನವೂ ಅವರಿಗಿತ್ತು. ಮೊದಲಿಬ್ಬರು ಆಡುತ್ತಿದ್ದ ಕಾಲದಲ್ಲಿ ಮೂರನೆಯವನನ್ನು ಮರೆತಿದ್ದ ತಂಡವಾಗಿದ್ದರೆ ಡಿಸೆಂಬರ್ 6ರಂದೇ ಕಥೆ ಮುಗಿಯುತ್ತಿತ್ತು. ಇದೇ ತಂಡದಲ್ಲಿ 2012ರ ಅಕ್ಟೋಬರ್‌ನಲ್ಲಿ ಮಿಲ್ಲರ್ ಪೆಟ್ಟು ತಿಂದು ಹೊರಹೋದಾಗ ಕೆನ್ನಿ ಗೈಟನ್ ಎಂಬ ಎರಡನೆಯವನು ಪರ್ಡ್ಯೂ ವಿರುದ್ಧ ಕೊನೆಯ ಮೂರು ಸೆಕೆಂಡ್ ಇರುವಾಗ ಟಚ್‌ಡೌನ್ ಎಸೆದು, ಅಂಕ ಸಮ ಮಾಡಿ, ಹೆಚ್ಚುವರಿ ಆಟದಲ್ಲಿ ಗೆಲ್ಲಿಸಿದ್ದ. ಆ ವರ್ಷ ತಂಡ 12 ಪಂದ್ಯಕ್ಕೆ 12 ಗೆದ್ದಿತು. ಕೆಳಗಿನ ಸಾಲನ್ನು ಸಾಕುವುದು ಅಲ್ಲಿ ರೂಢಿಯಾಗಿತ್ತು.

ಇಬ್ಬರ ನಡುವಿನ 'ಅಥವಾ'

ಮುಂದಿನ ವರ್ಷದ ಮೊದಲ ಪಂದ್ಯ 2015ರ ಸೆಪ್ಟೆಂಬರ್ 7ಕ್ಕೆ, ಹಿಂದಿನ ವರ್ಷ ಸೋಲಿಸಿದ್ದ ಅದೇ ವರ್ಜೀನಿಯಾ ಟೆಕ್‌ನ ಊರಿನಲ್ಲಿ. ಈ ಸಲ ಪಟ್ಟಿಯಲ್ಲಿ ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಜೋನ್ಸ್ ಅಥವಾ ಬ್ಯಾರೆಟ್ ಎಂದಿತ್ತು. ಮೆಯರ್ ಬಾಯಿಬಿಡಲಿಲ್ಲ. ಪಂದ್ಯ ಶುರುವಾಗಿ ಆಕ್ರಮಣದ ಹುಡುಗರು ಮೈದಾನಕ್ಕೆ ಓಡಿದಾಗಲೇ ಜೋನ್ಸ್ ಎಂದು ಗೊತ್ತಾದದ್ದು. ಇನ್ನು ಮಿಲ್ಲರ್? ಎರಡು ಸಲ ಕೊಯ್ದ ಭುಜದಿಂದ ಎಸೆಯುವ ಆಸೆ ಬಿಟ್ಟು ಅವನು ಚೆಂಡು ಹಿಡಿಯುವವರ ಸಾಲಿಗೆ ಸೇರಿದ್ದ. ಪಟ್ಟಿಯಲ್ಲಿ ಅವನ ಹೆಸರು ಬೇರೆ ಸ್ಥಾನದ ಮುಂದಿತ್ತು. ಅಂದು ಅವನು ಓಡುತ್ತ ಓಡುತ್ತ ನಿಂತಲ್ಲೇ ಗಿರ್ರನೆ ಒಂದು ಸುತ್ತು ಸುತ್ತಿ ಎದುರಾಳಿಗಳನ್ನು ಗಾಳಿ ಹಿಡಿಯುವಂತೆ ಮಾಡಿ 53 ಗಜ ಓಡಿ ಟಚ್‌ಡೌನ್ ಗಳಿಸಿದ. ಆ ಒಂದು ಸುತ್ತನ್ನು ನೋಡಿದವರಿಗೆ, ಸ್ಥಾನ ಕಳೆದುಕೊಂಡ ಹುಡುಗ ಇನ್ನೊಂದು ಸ್ಥಾನವನ್ನು ಹೇಗೆ ದುಡಿದುಕೊಂಡ ಎಂಬುದು ಅರ್ಥವಾಗುತ್ತದೆ. 42–24ರ ಗೆಲುವು.

ಆದರೆ 'ಅಥವಾ' ಎಂಬುದಕ್ಕೆ ಬೆಲೆ ತೆರಬೇಕಾಗುತ್ತದೆ. ಇಬ್ಬರೂ ತಪ್ಪಿಗೆ ಹೆದರಿ ಆಡಿದರು. ಅಕ್ಟೋಬರ್‌ನಲ್ಲಿ ಮೆಯರ್ ಜೋನ್ಸ್‌ನನ್ನು ಕೆಳಗಿಳಿಸಿ ಬ್ಯಾರೆಟ್‌ಗೆ ಜಾಗ ಕೊಟ್ಟರು. ನವೆಂಬರ್ 21ರಂದು ಮಿಷಿಗನ್ ಸ್ಟೇಟ್ ಎದುರು ಕೊನೆಯ ಒದೆತದಲ್ಲಿ 17–14ರಿಂದ ಸೋತು ಪ್ಲೇಆಫ್ ತಪ್ಪಿತು. ಮುಂದಿನ ವಸಂತದಲ್ಲಿ ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ಈ ತಂಡದ 12 ಹುಡುಗರನ್ನು ಆರಿಸಿಕೊಂಡಿತು. ಅವರಲ್ಲಿ ಐವರು ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಅಷ್ಟು ಪ್ರತಿಭೆ ಇದ್ದ ತಂಡ ಕೈತಪ್ಪಿಸಿಕೊಂಡ ಋತು ಅದು. ಯಾರು ಮೊದಲು, ಯಾರು ಎರಡನೆಯವ ಎಂದು ಆಗಸ್ಟ್‌ನಲ್ಲೇ ಹೇಳಿಬಿಡಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಗುಟ್ಟು ಎದುರಾಳಿಯನ್ನು ಒಂದು ವಾರ ಗೊಂದಲದಲ್ಲಿ ಇಡಬಹುದು. ಸ್ವಂತ ಹುಡುಗರನ್ನು ನಾಲ್ಕು ತಿಂಗಳು ಇಡುತ್ತದೆ.

ಅದೇ ಊರಿನಲ್ಲಿ ಇನ್ನೊಂದು ಆಗಸ್ಟ್, 2017. ಈಗ ಬ್ಯಾರೆಟ್ ಮೊದಲ ಹೆಸರು. ಎರಡನೇ ಜಾಗಕ್ಕೆ ಜೋ ಬರೋ ಮತ್ತು ಡ್ವೇನ್ ಹ್ಯಾಸ್ಕಿನ್ಸ್ ನಡುವೆ ಪೈಪೋಟಿ. ಬರೋ ಒಹಾಯೊದ ಆಗ್ನೇಯ ಮೂಲೆಯ ಆಥೆನ್ಸ್ ಕಡೆಯ ಹುಡುಗ, ತಂದೆ ಅಲ್ಲಿನ ಕಾಲೇಜಿನಲ್ಲಿ ಫುಟ್‌ಬಾಲ್ ಕೋಚ್. ಅಭ್ಯಾಸದಲ್ಲಿ ಅವನ ಕೈಮೂಳೆ ಮುರಿಯಿತು. ಹ್ಯಾಸ್ಕಿನ್ಸ್ ಎರಡನೆಯವನಾದ. ನವೆಂಬರ್‌ನಲ್ಲಿ ಮಿಷಿಗನ್ ವಿರುದ್ಧ ಬ್ಯಾರೆಟ್ ಮತ್ತೆ ಗಾಯಗೊಂಡ. ಹ್ಯಾಸ್ಕಿನ್ಸ್ ಇಳಿದು ಪಂದ್ಯ ಗೆಲ್ಲಿಸಿದ, ಮುಂದಿನ ವರ್ಷದ ಮೊದಲ ಸ್ಥಾನವನ್ನೂ ಬಹುಮಟ್ಟಿಗೆ ಅಂದೇ ಗೆದ್ದುಕೊಂಡ. 2018ರಲ್ಲಿ 50 ಟಚ್‌ಡೌನ್ ಪಾಸ್ ಎಸೆದು ಬಿಗ್ ಟೆನ್ ದಾಖಲೆ ಮಾಡಿದ. 2022ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಆ ಹುಡುಗನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಬರೋ ಪದವಿ ಮುಗಿಸಿ 2018ರ ಮೇ ತಿಂಗಳಲ್ಲಿ ಲೂಯಿಸಿಯಾನಾ ಸ್ಟೇಟ್‌ಗೆ ಹೋದ. ಅಲ್ಲಿ 2019ರಲ್ಲಿ 60 ಟಚ್‌ಡೌನ್ ಪಾಸ್, ಹೈಸ್ಮನ್, 15 ಪಂದ್ಯಕ್ಕೆ 15 ಗೆಲುವು, ರಾಷ್ಟ್ರೀಯ ಪಟ್ಟ. 2020ರಲ್ಲಿ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಮೊಟ್ಟಮೊದಲ ಹೆಸರು. ಕಾದವನಿಗೂ ಬಂತು, ಹೊರಟವನಿಗೂ ಬಂತು. ಯಾರು ಯಾವಾಗ ಹೊರಡಬೇಕೆಂದು ಹೊರಗೆ ಕೂತು ತೀರ್ಪು ಕೊಡುವುದು ಸುಲಭವಲ್ಲ.

ಕಾಯುವುದು ಕಷ್ಟವಾದ ಕಾಲ

ಬರೋ ಹೊರಟ ಆ ವರ್ಷವೇ, 2018ರ ಅಕ್ಟೋಬರ್ 15ರಂದು, ಎನ್‌ಸಿಎಎ ಟ್ರಾನ್ಸ್‌ಫರ್ ಪೋರ್ಟಲ್ ತೆರೆಯಿತು. ಕಾಲೇಜು ಬಿಡಬೇಕೆಂದ ಹುಡುಗ ತನ್ನ ಹೆಸರು ಅದರಲ್ಲಿ ಹಾಕಿಸಿದರೆ ಸಾಕು, ಬೇರೆ ತಂಡಗಳು ಮಾತಾಡಿಸಬಹುದು. ಮೊದಲು ಕಾಲೇಜು ಬದಲಿಸಿದವನು ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಆ ಶಿಕ್ಷೆ ಹೋಯಿತು, 2024ರಲ್ಲಿ ಪೂರ್ತಿ ಹೋಯಿತು. 2021ರ ಜುಲೈನಿಂದ ಜಾಹೀರಾತು ಮುಂತಾದವುಗಳಿಂದ ಸಂಪಾದಿಸಲು ಆಟಗಾರರಿಗೆ ಅವಕಾಶ ಸಿಕ್ಕಿತು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಂದು ದೊಡ್ಡ ಮೊಕದ್ದಮೆಯ ರಾಜಿಗೆ ಒಪ್ಪಿಗೆ ಕೊಟ್ಟ ಮೇಲೆ ವಿಶ್ವವಿದ್ಯಾಲಯಗಳೇ ತಮ್ಮ ಆಟಗಾರರಿಗೆ ಹಣ ಹಂಚಬಹುದು ಎಂದಾಯಿತು. 2025–26ರಲ್ಲಿ ಅದರ ಮಿತಿ ಒಟ್ಟು 2.05 ಕೋಟಿ ಡಾಲರ್ ಆಗಿತ್ತು.

ಇದು ನ್ಯಾಯ. ಲಕ್ಷ ಜನರ ಟಿಕೆಟ್ ಹಣ, ಟಿ.ವಿ. ಹಣ, ಕೋಚ್‌ಗಳ ಕೋಟಿಗಟ್ಟಲೆ ಸಂಬಳ, ಇದೆಲ್ಲ ಯಾರ ಮೈಮುರಿದ ದುಡಿಮೆಯಿಂದ ಬಂತೋ ಅವರಿಗೆ ದಶಕಗಟ್ಟಲೆ ಬರೀ ವಿದ್ಯಾರ್ಥಿವೇತನ ಕೊಟ್ಟು ಕೂರಿಸಿದ್ದು ತಪ್ಪು. ಕೋಚ್ ಬೇಕೆಂದಾಗ ಬೇರೆ ಊರಿಗೆ ಹೋಗಬಹುದಾದರೆ ಹುಡುಗನೂ ಹೋಗಬಹುದು. ಆದರೆ ಅದೇ ರಾಜಿಯ ಇನ್ನೊಂದು ಕಲಮು ನನಗೆ ನೋವು ತರುತ್ತದೆ. ಮೊದಲು 85 ವಿದ್ಯಾರ್ಥಿವೇತನಗಳ ಮಿತಿ ಇತ್ತು. ಅದರ ಆಚೆಗೆ ಸ್ವಂತ ಖರ್ಚಿನಲ್ಲಿ ಓದುತ್ತ ಆಡಲು ಬರುವ ವಾಕ್-ಆನ್ ಹುಡುಗರನ್ನು ಸೇರಿಸಿಕೊಂಡು ತಂಡಗಳು 120ರ ಆಚೆಗೂ ಬೆಳೆಯುತ್ತಿದ್ದವು. ಈಗ ತಂಡದಲ್ಲಿ ಒಟ್ಟು 105 ಜನರ ಮಿತಿ. ಜಾಗ ಕಳೆದುಕೊಂಡವರು ಪಟ್ಟಿಯ ತೀರಾ ಕೆಳಗಿನವರು, ಸ್ಕೌಟ್ ತಂಡದಲ್ಲಿ ವಾರಕ್ಕೊಂದು ಪರರ ಆಟ ಕಲಿತವರು. ಹಾಗೆ ಜಾಗ ಹೋದವರಿಗೆ ಮಿತಿಯ ಆಚೆ ಮರಳಲು ದಾರಿ ಇರಬೇಕೆಂದು ನ್ಯಾಯಾಧೀಶೆ ಪಟ್ಟು ಹಿಡಿದದ್ದರಿಂದಲೇ ರಾಜಿ ತಿಂಗಳುಗಟ್ಟಲೆ ತಡವಾಯಿತು. ದಾರಿ ಸಿಕ್ಕಿತು, ಆದರೆ ಸೇರಿಸಿಕೊಳ್ಳಲೇಬೇಕೆಂಬ ಕಟ್ಟಳೆ ಇಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಸತತ ಎರಡು ರಾಷ್ಟ್ರೀಯ ಪಟ್ಟ ತಂದ ಸ್ಟೆಟ್ಸನ್ ಬೆನೆಟ್ ವಾಕ್-ಆನ್ ಆಗಿಯೇ ಬಂದವನು. ಓಕ್ಲಹೋಮಾದಲ್ಲಿ ಹೈಸ್ಮನ್ ಗೆದ್ದ ಬೇಕರ್ ಮೇಫೀಲ್ಡ್ ಕೂಡ. ಅಂಥವರು ಒಳಗೆ ಬರುವ ಬಾಗಿಲು ಕಿರಿದಾಗಿದೆ.

ಪಟ್ಟಿಯೂ ಬದಲಾಗಿದೆ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬಾಜಿಯ ಮೇಲಿನ ಕೇಂದ್ರ ಕಾನೂನನ್ನು ರದ್ದು ಮಾಡಿದ ಮೇಲೆ ಯಾರು ಆಡುತ್ತಾರೆ, ಯಾರಿಗೆ ಗಾಯ ಎಂಬ ಸುದ್ದಿ ದುಡ್ಡಿನ ಸುದ್ದಿಯಾಯಿತು. ಗುಟ್ಟು ತಿಳಿಯಲು ಬಾಜಿಯವರು ಹುಡುಗರ ಬೆನ್ನು ಬೀಳುವುದನ್ನು ತಡೆಯಲೆಂದು ಬಿಗ್ ಟೆನ್ 2023ರಿಂದ, ದಕ್ಷಿಣದ ಎಸ್‌ಇಸಿ ಲೀಗ್ 2024ರಿಂದ, ಯಾರು ಆಡಲು ಲಭ್ಯ ಎಂಬ ಅಧಿಕೃತ ವರದಿಯನ್ನು ಕಡ್ಡಾಯ ಮಾಡಿವೆ. ಇತ್ತ ಕೆಲವು ಕೋಚ್‌ಗಳು ಡೆಪ್ತ್ ಚಾರ್ಟ್ ಹೊರಡಿಸುವುದನ್ನೇ ನಿಲ್ಲಿಸಿದ್ದಾರೆ. ಎದುರಾಳಿಗೆ ಯಾಕೆ ಹೇಳಬೇಕು ಎಂಬುದು ಬಾಯಿಮಾತಿನ ಕಾರಣ. ಮೂರನೇ ಸಾಲಿನಲ್ಲಿ ಹೆಸರು ಕಂಡ ಹುಡುಗ ಪೋರ್ಟಲ್ ಕಡೆ ನೋಡುತ್ತಾನೆ ಎಂಬ ಭಯವೂ ಒಳಗಿದೆ. ಹೊರಗಿನವರಿಗೆ ಹೇಳದಿದ್ದರೆ ಪರವಾಗಿಲ್ಲ. ಆದರೆ ಆ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ನೀನು ಮೂರನೆಯವನು, ಕಾರಣ ಇದು, ಮೇಲೆ ಬರಲು ಇದನ್ನು ಮಾಡು ಎಂದು ಹೇಳುವ ಋಣ ಕೋಚ್‌ಗೆ ಇದ್ದೇ ಇದೆ. ಆಸೆ ತೋರಿಸಿ ಇಟ್ಟುಕೊಳ್ಳುವುದು ಮೋಸ.

2025ರ ಆಗಸ್ಟ್‌ನಲ್ಲೂ ಕೊಲಂಬಸ್ ಇದೇ ಪ್ರಶ್ನೆಯನ್ನು ಎದುರಿಸಿತು. ಜನವರಿಯಲ್ಲಿ ರಾಷ್ಟ್ರೀಯ ಪಟ್ಟ ಗೆದ್ದುಕೊಟ್ಟ ವಿಲ್ ಹೋವರ್ಡ್ ಕ್ಯಾನ್ಸಸ್ ಸ್ಟೇಟ್‌ನಿಂದ ಒಂದೇ ವರ್ಷಕ್ಕೆ ಬಂದು ಹೋದವನು. ಅವನ ಜಾಗಕ್ಕೆ ಜೂಲಿಯನ್ ಸಾಯಿನ್ ಮತ್ತು ಲಿಂಕನ್ ಕೀನ್‌ಹೋಲ್ಜ್ ನಡುವೆ ಆಗಸ್ಟ್ ಮಧ್ಯದವರೆಗೂ ಪೈಪೋಟಿ ನಡೆಯಿತು. ಕೋಚ್ ರಯಾನ್ ಡೇ ಮೊದಲ ಪಂದ್ಯಕ್ಕೆ ಸಾಕಷ್ಟು ಮುಂಚೆಯೇ ಸಾಯಿನ್ ಹೆಸರು ಹೇಳಿದರು. ಆಗಸ್ಟ್ 30ರಂದು ಎದುರಿಗೆ ಮೊದಲ ಶ್ರೇಯಾಂಕದ ಟೆಕ್ಸಸ್. ಅದರ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್ ದೇಶದಲ್ಲೇ ಹೆಸರಾದ ಫುಟ್‌ಬಾಲ್ ಮನೆತನದ ಕುಡಿ. ಯಾವ ತಂಡಕ್ಕಾದರೂ ಹೋಗಬಹುದಾಗಿದ್ದ ಅವನು ಕ್ವಿನ್ ಎವರ್ಸ್ ಹಿಂದೆ ಎರಡು ವರ್ಷ ಕಾದು ಆ ಜಾಗಕ್ಕೆ ಬಂದಿದ್ದ. ಒಹಾಯೊ ಸ್ಟೇಟ್ 14–7ರಿಂದ ಗೆದ್ದಿತು. ಕಾಯುವವರು ಇನ್ನೂ ಇದ್ದಾರೆ.

ಟ್ವಿಟರ್‌ನಲ್ಲಿ ಕ್ಲಾಸುಗಳನ್ನು ಜರೆದಿದ್ದ ಕಾರ್ಡೇಲ್ ಜೋನ್ಸ್ 2016ರಲ್ಲಿ ಬಫಲೊ ತಂಡಕ್ಕೆ ಆಯ್ಕೆಯಾದ. ಮರುವರ್ಷ ಒಹಾಯೊ ಸ್ಟೇಟ್‌ನಿಂದ ಪದವಿಯನ್ನೂ ಪಡೆದ.

ಕರ್ನಾಟಕದಿಂದ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಓದಲು ಹೋಗುವ ನಮ್ಮ ಮಕ್ಕಳಿಗೆ ತರಗತಿ ಶುರುವಾಗುವುದೂ ಆಗಸ್ಟ್ ಕೊನೆಗೇ. ಶನಿವಾರ ಇಡೀ ಊರು ಒಂದೇ ಬಣ್ಣ ತೊಟ್ಟು ಹೊರಡುವುದನ್ನು ನೋಡಿ ಅವರು ಮನೆಗೆ ಫೋನ್ ಮಾಡುತ್ತಾರೆ. ಕೊಲಂಬಸ್‌ನ ಮಧ್ಯಾಹ್ನ 12ರ ಪಂದ್ಯ ಅಕ್ಟೋಬರ್ ಕೊನೆಯವರೆಗೆ ನಮಗೆ ಶನಿವಾರ ರಾತ್ರಿ 9.30ಕ್ಕೆ. ಈ ಸಲ ನೀವೂ ನೋಡಿ. ಅದಕ್ಕೆ ಮುಂಚೆ ಆ ವಾರದ ಪಟ್ಟಿ ಹೊರಬಿದ್ದಿದ್ದರೆ ತರಿಸಿಕೊಂಡು, ಎರಡನೇ ಅಥವಾ ಮೂರನೇ ಸಾಲಿನ ಒಂದು ಹೆಸರನ್ನು ಗುರುತು ಹಾಕಿಕೊಳ್ಳಿ. ಡಿಸೆಂಬರ್‌ವರೆಗೆ ಆ ಹುಡುಗನನ್ನು ಹಿಂಬಾಲಿಸಿ.